ಹಿಂದಿನ ಗಾಡಿಯ ಸಾಕ್ಷಿ

15 ನವೆಂಬರ್ 1993, ಚಿಕ್ಕೋಡಿ

ಇವತ್ತಿನಿಂದ ನಮ್ಮ ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ತೂಕದ ಚೀಟಿಯನ್ನು ಯಾರೂ ಕೈಯಲ್ಲಿ ಬರೆಯುವುದಿಲ್ಲ. ನನ್ನ ಪ್ರೋಗ್ರಾಂ ಹೊಡೆಯುತ್ತದೆ. ಗಾಡಿ ಹತ್ತಿಸಿ ತೂಗುವ ಕಾಟಾ ಇರುವುದು ಎರಡು. ದೊಡ್ಡದರ ಮೇಲೆ ಟ್ರ್ಯಾಕ್ಟರು ತೂಗುತ್ತಾರೆ, ಸಣ್ಣದರ ಮೇಲೆ ಎತ್ತಿನ ಗಾಡಿ. ಎರಡಕ್ಕೂ ಒಂದೇ ಪ್ರೋಗ್ರಾಂ. ಅಧ್ಯಕ್ಷರು ಕಾಯಿ ಒಡೆದಾಗ ನೀರು ಕೀಲಿಮಣೆಯ ಮೇಲೆ ಸಿಡಿದು ನನ್ನ ಜೀವ ಬಾಯಿಗೆ ಬಂದಿತ್ತು. ಏನೂ ಆಗಲಿಲ್ಲ. ಮೊದಲ ಗಾಡಿಯ ಚೀಟಿ ಮಾತ್ರ ಸ್ವಲ್ಪ ತಡವಾಗಿ, ಎರಡನೆಯ ಗಾಡಿ ಕಾಟಾ ಹತ್ತಿದ ಮೇಲೆ ಬಂತು. ಹೊಸ ಪ್ರಿಂಟರು, ಮೈ ಬಿಸಿಯಾಗಬೇಕಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೆಳಗಾವಿಯಲ್ಲಿ ಕಲಿತದ್ದು ದಂಡವಾಗಲಿಲ್ಲ. ಕಂಪ್ಯೂಟರಿನಲ್ಲಿ ಯಾಕ್ ಅಂತ ಒಂದು ಸಾಧನವಿದೆ. ಒಂದು ಚೀಟಿಗೆ ಏನೇನು ಯಾವ ಕ್ರಮದಲ್ಲಿ ಬರುತ್ತದೆ ಎಂಬ ನಿಯಮ ಬರೆದುಕೊಟ್ಟರೆ ಸಾಕು, ಅದನ್ನು ಓದಿ ತಿಳಿದುಕೊಳ್ಳುವ ಪ್ರೋಗ್ರಾಮನ್ನು ಅದೇ ಹೆಣೆದುಕೊಡುತ್ತದೆ. ಮೊದಲು ವಾಹನದ ನಂಬರು, ಆಮೇಲೆ ಹೇರಿನ ತೂಕ. ಟ್ರ್ಯಾಕ್ಟರಿಗೆ ಒಂದು ಟ್ರೇಲರ್ ಇರಬಹುದು, ಎರಡಿರಬಹುದು, ಆದ್ದರಿಂದ ಹೇರು ಒಂದೋ ಎರಡೋ. ಇಷ್ಟೇ. ಸಣ್ಣ ಕಾಟಾದ ಕಾರಕೂನ ಅಣ್ಣಾಸಾಬನಿಗೆ ಇದನ್ನು ಹೇಳಿದೆ. "ಯಾಕ ಅಂದ್ರ ಯಾಕ್ರಿ ಬಾಯಾರ?" ಎಂದು ಹಲ್ಲು ಕಿಸಿದ. ಆಮೇಲೆ "ಒಂದ ಮಾತ ಕೇಳ್ಲೇನ್ರಿ, ಈ ಚೀಟಿ..." ಎಂದು ಶುರುಮಾಡಿದ. "ಸಾಕು, ತಿಳೀತು. ನೀವು ನಂಬರ ಹೊಡೀರಿ, ಉಳಿದದ್ದು ಅದ ನೋಡಕೋತೈತಿ" ಎಂದೆ.

ಹಿಂದಿನ ಹಂಗಾಮಿನಲ್ಲಿ ಇಲ್ಲದ ಗಾಡಿಗಳ ಹೆಸರಲ್ಲಿ ಚೀಟಿ ಹರಿದದ್ದುಂಟಂತೆ. ಅದಕ್ಕೇ ಎರಡೂ ಕಾಟಾಗಳ ಗೋಡೆಗೆ ನೋಟೀಸು ಅಂಟಿಸಿ ಬಂದಿದ್ದೇನೆ: ಕಾಟಾದ ಮೇಲೆ ಗಾಡಿ ಇಲ್ಲದೆ ಚೀಟಿ ಹೊಡೆದವರ ನೌಕರಿ ಹೋಗುತ್ತದೆ.

ಆಫೀಸ್ ಸೂಪರಿಂಟೆಂಡೆಂಟ್ ವಿರುಪಾಕ್ಷಪ್ಪನವರು, "ದ್ರೌಪದಿಬಾಯಿ, ಮಾರ್ಚಿಗೆ ಖಾಯಂ ಆತಂತ ತಿಳೀರಿ" ಎಂದರು. ಹಾರೂಗೇರಿಗೆ ಅಪ್ಪನಿಗೆ ಕಾಗದ ಬರೆಯಬೇಕು. ಈಗ ಬರೆಯೋಣವೆಂದರೆ ಮನೆಯೊಡತಿ ಕೆಂಚವ್ವ ಬಾಗಿಲಲ್ಲಿ ನಿಂತು ತಂಗಿಯ ಕಥೆ ತೆಗೆದಳು. ಯಾರ ಕಥೆಯಾದರೂ ಮೊದಲ ಮೂರು ಮಾತಿಗೆ ಉಳಿದದ್ದು ತಿಳಿದುಬಿಡುತ್ತದೆ, ಪೂರ್ತಿ ಕೇಳುವ ಪುರುಸೊತ್ತು ಯಾರಿಗಿದೆ? ತಲೆನೋವು ಎಂದು ಹೇಳಿ ಬಾಗಿಲು ಮುಂದೆ ಮಾಡಿದೆ.

29 ನವೆಂಬರ್

ಎಲ್ಲ ಸುಸೂತ್ರ. ಸಾಲಿನಲ್ಲಿ ಗಾಡಿಗಳು ಒಂದರ ಹಿಂದೊಂದು ಹತ್ತುತ್ತವೆ, ಚೀಟಿಗಳು ಬರುತ್ತವೆ.

ಬೆಳಿಗ್ಗೆ ಆಫೀಸು ತೆರೆಯುವ ಮೊದಲೇ ಕಿಟಕಿಯಲ್ಲಿ ಒಬ್ಬ ಹಿರಿಯ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಗಡ್ಡದಲ್ಲಿ ಕಬ್ಬಿನ ಒಣಗರಿಯ ರವದಿ. "ನಾ ಭೋಜದ ಮಲಕಾರಿ ರಿ, ಬಾಯಾರ. ನನ್ನ ಚೀಟಿ ದಿನಾ..." ಎಂದ. ಪಾಳಿ ಬಿಟ್ಟು ಮೊದಲು ಚೀಟಿ ಕೊಡಿ ಎನ್ನುವವರು ದಿನಕ್ಕೆ ನಾಲ್ಕು ಮಂದಿ. "ಕಾಕಾ, ಪಾಳಿ ಬಿಟ್ಟು ಚೀಟಿ ಸಿಗಂಗಿಲ್ಲ" ಎಂದೆ. "ಪಾಳಿ ಅಲ್ರಿ..." "ನನಗ ಕೆಲಸ ಐತಿ ಕಾಕಾ." ಕಂಬಳಿ ಸರಿಪಡಿಸಿಕೊಂಡು ಹೋದ. ಎಷ್ಟು ಸಲ ಹೇಳಿದರೂ ಈ ಜನಕ್ಕೆ ಶಿಸ್ತು ಬರುವುದಿಲ್ಲ.

16 ಡಿಸೆಂಬರ್

ಇವತ್ತು ಆಫೀಸಿನಲ್ಲಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಊಟದ ಹೊತ್ತಿಗೆ ಒಬ್ಬ ಹೆಂಗಸು ನೇರ ಒಳಗೇ ಬಂದಳು. ಐವತ್ತರ ಮೇಲಿನ ವಯಸ್ಸು, ದೊಡ್ಡ ಕುಂಕುಮ, ಕಂಕುಳಲ್ಲಿ ಬುತ್ತಿಗಂಟು. "ಕಂಪ್ಯೂಟರ್ ಬಾಯಾರು ಯಾರ್ರಿ?" ಎಂದಳು. ನಾನೇ ಎಂದೆ. ಹೆಸರು ಲಗಮವ್ವ, ಅವತ್ತಿನ ಆ ಮಲಕಾರಿಯ ಹೆಂಡತಿ.

"ಹಂಗಾಮ ಸುರುವಾದಾಗಿಂದ ನನ್ನ ಗಂಡ ರಾತ್ರಿ ಮನಿಗಿ ಬರವಲ್ಲರಿ. ಹ್ವಾದ ವರ್ಸ ಎಷ್ಟೊತ್ತಾದ್ರೂ ಬರ್ತಿದ್ದ. ಕೇಳಿದ್ರ, ಕಾರಖಾನ್ಯಾಗ ಕಂಪ್ಯೂಟರ್ ಹಿಡಕೊಂಡ ಕುಂದ್ರಸತೈತಿ, ಹಿಂದ ಒಬ್ಬ ಸಾಕ್ಷಿ ಬರೂತನಾ ಬಿಡಂಗಿಲ್ಲ ಅಂತಾನ. ಊರಾಗ ಮಂದಿ ಏನೇನೋ ಆಡಾಕತ್ತಾರ. ನೀವ ಹೇಳ್ರಿ, ಖರೇನ?"

ನಾನೇ ಮೊದಲು ನಕ್ಕೆ. ಆಮೇಲೆ ಇಡೀ ಆಫೀಸು. "ಮಾವಶಿ, ಕಂಪ್ಯೂಟರಿಗೆ ಸಾಕ್ಷಿ ಯಾತಕ್ಕ ಬೇಕ? ಅದೇನ ಕೋರ್ಟೇನು? ಕಾಟಾ ಮ್ಯಾಲ ಗಾಡಿ ನಿಂತು ಕಣ್ಣ ಮುಚ್ಚಿ ತಗಿಯೂದ್ರಾಗ ಚೀಟಿ ಕೈಯಾಗಿರತೈತಿ" ಎಂದೆ. ಅಷ್ಟಕ್ಕೆ ಬಿಡಬಹುದಿತ್ತು. ನಗುವವರು ಎದುರಿಗಿದ್ದರೆ ನನ್ನ ನಾಲಿಗೆಗೆ ಲಗಾಮಿರುವುದಿಲ್ಲ. "ನಿಮ್ಮ ಯಜಮಾನ್ರನ್ನ ಹಿಡಕೊಂಡ ಕುಂದ್ರಸಾಕಿ ಕಂಪ್ಯೂಟರ್ ಅಲ್ಲ, ಬ್ಯಾರೆ ಯಾರೋ ಇರಬೇಕು ನೋಡ್ರಿ" ಎಂದೂ ಸೇರಿಸಿದೆ. ವಿರುಪಾಕ್ಷಪ್ಪನವರು ನಕ್ಕ ರಭಸಕ್ಕೆ ಕನ್ನಡಕ ಮೇಜಿನ ಮೇಲೆ ಬಿತ್ತು.

ಅವಳು ನಗಲಿಲ್ಲ. "ಹಂಗೇನ್ರಿ" ಎಂದಳು. ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಹೊರಟಳು.

18 ಡಿಸೆಂಬರ್

ಲಗಮವ್ವ ತವರಿಗೆ, ದಿಗ್ಗೇವಾಡಿಗೆ ಹೋದಳಂತೆ. ಇನ್ನು ಬರುವುದಿಲ್ಲ ಎಂದು ಹೇಳಿಯೇ ಹೋದಳಂತೆ. ಅಣ್ಣಾಸಾಬ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನೇನು ಮಾಡಲಿ? ಕೇಳಿದಳು, ಹೇಳಿದೆ. ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ.

21 ಡಿಸೆಂಬರ್

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡು ಆಫೀಸಿನ ಬಸ್ಸು ತಪ್ಪಿತು. ನಿಪ್ಪಾಣಿ ಕಡೆಯಿಂದ ಊರಿಗೆ ಹೋಗುವ ಲಾರಿ ಯಾವುದಾದರೂ ಸಿಗುತ್ತದೆಂದು ಸಂಜೆ ಗೇಟಿನತ್ತ ನಡೆದೆ. ದಾರಿಯಲ್ಲಿ ಸಣ್ಣ ಕಾಟಾ. ಹೊತ್ತು ಮುಳುಗಿದ ಮೇಲೆ ಅದನ್ನು ಮುಚ್ಚುತ್ತಾರೆ, ದೊಡ್ಡದು ರಾತ್ರಿಯೂ ನಡೆಯುತ್ತದೆ. ಗಾಡಿಗಳ ಸಾಲು ಮುಗಿಯುತ್ತ ಬಂದಿತ್ತು. ನೋಟೀಸು ಅಂಟಿಸಿ ಬಂದ ಮೇಲೆ ಈ ಒಂದು ತಿಂಗಳಲ್ಲಿ ನಾನು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಹೋಗಿ ನೋಡಬೇಕೆಂದು ಅನಿಸಿಯೂ ಇರಲಿಲ್ಲ.

ಕೊನೆಯ ನಾಲ್ಕೈದು ಗಾಡಿಯವರು ಒಬ್ಬರನ್ನೊಬ್ಬರು ಹಿಂದೆ ಹಾಕಲು ಎತ್ತುಗಳನ್ನು ಬಡಿಯುತ್ತಿದ್ದರು. "ಹಿಂದ ಯಾವ ಅದಾನಲೇ?" ಎಂದು ಕೂಗಿ ಕೇಳಿಯೇ ಕಾಟಾ ಹತ್ತುತ್ತಿದ್ದರು. ಹತ್ತಿದವನು ತೂಗಿಸಿಕೊಂಡು ಕೆಳಗಿಳಿದು ನಿಲ್ಲುತ್ತಿದ್ದ, ಅವನ ಹಿಂದಿನವನು ಹತ್ತುತ್ತಿದ್ದ. ಆಗ ಪ್ರಿಂಟರು ಕರಕರ ಎಂದು ಮೊದಲಿನವನ ಚೀಟಿ ಕೊಡುತ್ತಿತ್ತು. ಚೀಟಿ ಸಿಕ್ಕವನು ಹಿಂದಿನವನಿಗೆ ಒಂದು ಚಿಟಿಕೆ ತಂಬಾಕು ಕೊಟ್ಟು ಹೋಗುತ್ತಿದ್ದ.

ಎಲ್ಲರಿಗಿಂತ ಹಿಂದೆ ಮಲಕಾರಿಯ ಗಾಡಿ. ಅವನ ಎಡಗಡೆಯ ಎತ್ತಿಗೆ ವಯಸ್ಸಾಗಿದೆ. ಅವನು ಬಡಿಯುವುದಿಲ್ಲ, ನಾಲಿಗೆಯಲ್ಲಿ ಚ್ಚು ಚ್ಚು ಎನ್ನುತ್ತಾನೆ ಅಷ್ಟೇ. ಹತ್ತಿದ, ಅಣ್ಣಾಸಾಬ ತೂಕ ಹೊಡೆದ, ಇಳಿದ. ಚೀಟಿ ಬರಲಿಲ್ಲ. ಯಾರೂ ಅದಕ್ಕಾಗಿ ಕಾಯಲೂ ಇಲ್ಲ. ಮಲಕಾರಿ ಗಾಡಿಯನ್ನು ಬದಿಗೆ ಹೊಡೆದು, ನೊಗಕ್ಕೆ ಊರೆ ಕೊಟ್ಟು, ಎತ್ತುಗಳ ಕೊರಳು ಬಿಚ್ಚಿ, ಗಾಡಿಯ ಕೆಳಗೆ ಕಂಬಳಿ ಹಾಸಿದ. ಅವನ ಬಟ್ಟೆಯ ಗಂಟು, ನೀರಿನ ಮಗಿ, ಎಲ್ಲಕ್ಕೂ ಅಲ್ಲಿ ಜಾಗ ಆಗಿಹೋಗಿತ್ತು.

"ಇದೇನ ಅಣ್ಣಾಸಾಬ, ಚೀಟಿ ಎಲ್ಲಿ?" ಎಂದೆ.

"ಇನ್ನ ಮುಂಜಾನೆ ಮೊದಲನೇ ಗಾಡಿ ಹತ್ತಿದ ಮ್ಯಾಲ ಬರ್ತೈತ್ರಿ ಬಾಯಾರ. ಚೀಟಿ ಇಲ್ದ ಕಬ್ಬ ಇಳಸ್ಕೊಳ್ಳಂಗಿಲ್ಲ."

"ದಿನಾ ಹಿಂಗ?"

"ಹೌದ್ರಿ. ಹಿಂದಿನವ ಸಾಕ್ಷಿ ಅಲ್ಲೇನ್ರಿ? ಹೊಲದ ಖರೀದಿ ಕಾಗದಕ್ಕ ಸಾಕ್ಷಿ ಸಹಿ ಹಾಕಸ್ತಾರಲ್ಲ, ಹಂಗ ತೂಕಕ್ಕೂ ಹಿಂದಿನವ ಕಣ್ಣಾರೆ ಕಂಡ ಮ್ಯಾಲ ಕಂಪ್ಯೂಟರ್ ಚೀಟಿ ಕೊಡತೈತಿ, ಕಳ್ಳ ಚೀಟಿ ಆಗಬಾರ್ದಂತ ನೀವ ಹಂಗ ಮಾಡೀರಿ ಅಂತ ಗಾಡಿಯವರೆಲ್ಲ ಮಾತಾಡಕೊಂಡಾರ. ಛಲೋನ ಆತು ಅಂದ್ರು. ನಾನೂ ಹಂಗ ಅನಕೊಂಡ್ನಿ. ಒಮ್ಮೆ ಕೇಳಬೇಕಂತ ಮಾಡಿದ್ನಿ, ನೀವು..." ಎಂದು ನಿಲ್ಲಿಸಿದ. ನಾನು ಏನೂ ಅನ್ನದಿದ್ದರೂ ಅವನೇ ನಿಲ್ಲಿಸಿದ. ಅಷ್ಟು ರೂಢಿ ಮಾಡಿಸಿದ್ದೇನೆ.

"ಹಿಂದ ಗಾಡಿ ಇಲ್ಲಂದ್ರ ನೀವ ಒಂದ ಸುಳ್ಳ ನಂಬರ್ ಹೊಡದಿದ್ರ?" ಎಂದೆ. ಅವನು ಗೋಡೆ ತೋರಿಸಿದ. ನನ್ನ ನೋಟೀಸು.

ಮಲಕಾರಿ ಕಾಕಾ ಗಾಡಿಯ ಕೆಳಗಿನಿಂದಲೇ ಕೈ ಮುಗಿದ.

22 ಡಿಸೆಂಬರ್

ಕಾರಣ ಸಿಕ್ಕಿತು. ನಾನು ಬರೆದ ನಿಯಮದಲ್ಲೇ ಇತ್ತು.

ಹೇರು ಒಂದಿರಬಹುದು, ಎರಡಿರಬಹುದು ಎಂದು ಬರೆದಿದ್ದೆನಲ್ಲ. ಯಾಕ್ ಹೆಣೆದುಕೊಟ್ಟ ಪ್ರೋಗ್ರಾಂ ಅದನ್ನೇ ಚಾಚೂ ತಪ್ಪದೆ ಪಾಲಿಸುತ್ತಿದೆ. ಒಂದು ಹೇರು ಓದಿದ ಮೇಲೆ ಇನ್ನೊಂದು ಇದೆಯೋ ಇಲ್ಲವೋ ಎಂದು ಮುಂದೆ ಬರುವುದರ ದಾರಿ ಕಾಯುತ್ತದೆ. ಬಂದದ್ದು ಹೊಸ ಗಾಡಿಯ ನಂಬರಾದರೆ, ಮೊದಲಿನದು ಮುಗಿದಿತ್ತು ಎಂದು ಆಗ ಗೊತ್ತಾಗಿ ಚೀಟಿ ಹೊಡೆಯುತ್ತದೆ. ಏನೂ ಬಾರದಿದ್ದರೆ ಕಾಯುತ್ತಲೇ ಇರುತ್ತದೆ. ಎತ್ತಿನ ಗಾಡಿಗೆ ಎರಡನೆಯ ಹೇರು ಹುಟ್ಟಿದಾರಭ್ಯ ಇಲ್ಲ ಎಂಬುದು ಅದಕ್ಕೇನು ಗೊತ್ತು? ಎಲ್ಲಿಗೆ ಓದು ನಿಲ್ಲಿಸಬೇಕು ಎಂದು ನಾನು ಅದಕ್ಕೆ ಹೇಳಿಕೊಟ್ಟೇ ಇರಲಿಲ್ಲ.

ಪರೀಕ್ಷೆ ಮಾಡಿದ್ದೆ, ಮಾಡಿರಲಿಲ್ಲ ಎಂದಲ್ಲ. ಆದರೆ ನೂರು ಗಾಡಿಗಳ ಲೆಕ್ಕವನ್ನು ಮೊದಲೇ ಕಡತದಲ್ಲಿ ಟೈಪು ಮಾಡಿಟ್ಟು ಓದಿಸಿದ್ದೆ. ಕಡತಕ್ಕೆ ಕೊನೆ ಇರುತ್ತದೆ, ಆ ಕೊನೆ ಕಂಡದ್ದೇ ಕೊನೆಯ ಚೀಟಿಯೂ ಹೊರಬರುತ್ತದೆ. ನೂರಕ್ಕೆ ನೂರು ಬಂದಿತ್ತು. ಕಾಟಾಕ್ಕೆ ಅಂಥ ಕೊನೆ ಎಲ್ಲಿದೆ? ಕುರ್ಚಿ ಬಿಟ್ಟೇಳದೆ ಪರೀಕ್ಷೆ ಮಾಡಿದವಳಿಗೆ ಅದು ಹೊಳೆಯಲಿಲ್ಲ.

ಒಂದು ತಿಂಗಳ ಮೇಲಾಯಿತು, ಆ ಮನುಷ್ಯ ಈ ಚಳಿಯಲ್ಲಿ ಹೇರಿದ ಗಾಡಿಯ ಕೆಳಗೆ ಮಲಗಿದ್ದಾನೆ. ಹೆಂಡತಿಗೆ ಖರೆ ಹೇಳಿದ. ಅವಳು ನಂಬಬೇಕೆಂದೇ ನನ್ನ ಹತ್ತಿರ ಬಂದಿದ್ದಳು, ಇಲ್ಲದಿದ್ದರೆ ಭೋಜದಿಂದ ಇಲ್ಲಿಯವರೆಗೆ ಬುತ್ತಿ ಕಟ್ಟಿಕೊಂಡು ಯಾಕೆ ಬರುತ್ತಿದ್ದಳು? ಆ ಬುತ್ತಿ ಅವನಿಗಾಗಿ ತಂದದ್ದು. ಇದು ಇವತ್ತು ಹೊಳೆಯಿತು. ನಾನು ನಕ್ಕ ಮೇಲೆ ಅವಳು ಕಾಟಾದ ಕಡೆ ಹೋಗಲೇ ಇಲ್ಲ.

ನನಗೆ ಎಷ್ಟು ನಾಚಿಕೆಯಾಗುತ್ತಿದೆಯೆಂದರೆ ಕನ್ನಡಿಯ ಮುಂದೆ ಹಣೆಗೆ ಹಚ್ಚಿಕೊಳ್ಳಲೂ ಆಗಲಿಲ್ಲ. ಹಾಗೇ ಹೋದೆ.

23 ಡಿಸೆಂಬರ್

ಸರಿ ಮಾಡಿದೆ. ಒಂದು ಹೇರು ಓದಿದ ಕೂಡಲೇ ನಿಲ್ಲು, ಚೀಟಿ ಕೊಡು, ಮುಂದೆ ನೋಡಬೇಡ ಎಂದು ಬರೆದೆ. ಎರಡು ಸಾಲು. ಸಂಜೆ ಮಲಕಾರಿ ಕಾಕಾನ ಚೀಟಿ ಅವನು ಇಳಿಯುವ ಮೊದಲೇ ಬಂತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹಿಂದೆ ಯಾರೂ ಇಲ್ಲವಲ್ಲ, ಇದು ನಡೆಯುತ್ತದೋ ಇಲ್ಲವೋ ಎಂದು ಅಣ್ಣಾಸಾಬನನ್ನು ಎರಡು ಸಲ ಕೇಳಿದ.

ಮನೆಗೆ ಹೊರಟ. ಮನೆಯಲ್ಲಿ ಯಾರಿದ್ದಾರೆ?

24 ಡಿಸೆಂಬರ್

ಅವಸರದ ಅಡಿಗೆ ಹಸಿಬಿಸಿ. ಇವತ್ತು ಬೆಳಿಗ್ಗೆ ದೊಡ್ಡ ಕಾಟಾಕ್ಕೂ ಅದನ್ನೇ ಹಚ್ಚಿದೆ, ಆಗಿನಿಂದ ಟ್ರ್ಯಾಕ್ಟರುಗಳ ಎರಡನೆಯ ಟ್ರೇಲರ್ ಒಂದೂ ಚೀಟಿಗೆ ಬಂದಿಲ್ಲ. ಒಂದು ಹೇರಿಗೇ ಓದು ನಿಲ್ಲಿಸು ಎಂದಿದ್ದೆನಲ್ಲ, ನಿಲ್ಲಿಸಿತು. ಕಾಗವಾಡದ ರಾಜಾರಾಮ, ಐದಾರು ಟ್ರ್ಯಾಕ್ಟರಿನ ಧಣಿ, ಚೀಟಿ ಹಿಡಿದು ಆಫೀಸಿನ ಒಳಗೇ ಬಂದ. "ಅಹೋ ಬಾಯೀ, ದುಸರಾ ಟ್ರೇಲರ ಕುಠ ಗೇಲಾ? ಎರಡನೇದ ಎಲ್ಲಿ ಹೋತು? ಗಾಳ್ಯಾಗ ಹಾರಿ ಹೋತೇನು?" ಎಲ್ಲರೂ ನಕ್ಕರು. ಈ ಸಲದ ನಗು ನನ್ನ ಮೇಲೆ. ನಗಿಸಿಕೊಳ್ಳುವವರಿಗೆ ಅದು ಎಲ್ಲಿ ಹೋಗಿ ಚುಚ್ಚುತ್ತದೆ ಎಂದು ಗೊತ್ತಾಯಿತು.

ರಾಜಾರಾಮನ ಟ್ರೇಲರ್ ಕಬ್ಬು ಇಳಿಸುವ ಮೊದಲೇ ಸಿಕ್ಕಿತು, ಮತ್ತೆ ತೂಗಿದರು. ಅವನಿಗಾಗಿ ಹತ್ತು ಜನ ಓಡಿದರು. ಮಲಕಾರಿಗಾಗಿ ಯಾರೂ ಓಡಿರಲಿಲ್ಲ.

27 ಡಿಸೆಂಬರ್

ಈ ಸಲ ಕುರ್ಚಿ ಬಿಟ್ಟೆದ್ದೆ. ಎರಡು ದಿನ ಎರಡೂ ಕಾಟಾಗಳ ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ಟ್ರ್ಯಾಕ್ಟರು ಮೊದಲ ಟ್ರೇಲರ್ ತೂಗಿಸಿ ಮುಂದೆ ಸರಿಯುವಾಗ ಒಮ್ಮೊಮ್ಮೆ ಹಿಂದಿನ ಕೊಂಡಿ ಬಿಚ್ಚುತ್ತಾರೆ, ಒಮ್ಮೊಮ್ಮೆ ಡ್ರೈವರ್ ಚಹಾಕ್ಕೆ ಹೋಗುತ್ತಾನೆ. ಮುಗಿಯಿತೋ ಇಲ್ಲವೋ ಎಂದು ಅಲ್ಲಿ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಅವರೇ ಹೇಳಲಿ. ಹೇರು ಮುಗಿದಾಗ ಕಾರಕೂನ ಒಂದು ಕೀಲಿ ಒತ್ತುತ್ತಾನೆ, ಅದು ಬಂದದ್ದೇ ಪ್ರೋಗ್ರಾಂ ಅಲ್ಲಿಗೆ ಓದು ನಿಲ್ಲಿಸಿ ಚೀಟಿ ಕೊಡುತ್ತದೆ. ಅದಕ್ಕಿಂತ ಮೊದಲಲ್ಲ, ಆಮೇಲೂ ಅಲ್ಲ. ಹಳೆಯ ಪ್ರೋಗ್ರಾಮನ್ನು ಬೇರೆ ಹೆಸರಲ್ಲಿ ಇಟ್ಟಿದ್ದೇನೆ. ಅಳಿಸಲು ಮನಸ್ಸಾಗಲಿಲ್ಲ, ಯಾಕೋ.

ವಿರುಪಾಕ್ಷಪ್ಪನವರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಮುಚ್ಚಿಕೊಂಡು ಬಂದು ಕೂತರು. "ಈಗ ಸುದ್ದ ಆತಿಲ್ಲೋ? ಮುಗೀತು. ಬಾಯಿ ಬಿಡಬ್ಯಾಡ್ರಿ. ಒಂದ ತಪ್ಪೂ ಇಲ್ಲಂತ ಡೈರೆಕ್ಟರ್ ಮಂದಿಗೆ ನಾನ ಹೇಳೀನಿ. ಮಾರ್ಚ ಎಷ್ಟ ದೂರ ಐತಿ? ತಣ್ಣಗಿರ್ರಿ."

ನಿಜ ಹೇಳುತ್ತೇನೆ, ಆ ಮಾತು ಕೇಳಿ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಸಂಜೆ ಕಾಟಾದ ಹತ್ತಿರ ಮಲಕಾರಿ ಕಾಕಾನಿಗೆ ತಪ್ಪಾಯಿತು ಎಂದೆ. ಅವನು ಎತ್ತಿನ ಕೊರಳು ತುರಿಸುತ್ತ ನಿಂತಿದ್ದ. ಸುಮ್ಮನೆ ಇರುತ್ತಾನೆಂದು ತಿಳಿದಿದ್ದೆ. ನಿಧಾನವಾಗಿ ಮಾತಾಡಿದ.

"ನನಗೇನ ಆಗಿಲ್ಲ ತಂಗಿ. ಕುರಿ ಕಾಯೂ ಮಂದಿ ನಾವು, ಹೊರಗ ಮಲಗೂದು ನಮಗ ಹೊಸಾದಲ್ಲ. ಮಾಗಿ ಚಳಿಯಾಗ ಕುರಿ ನಡುವ ಮಲಗೇವಿ. ಅದಲ್ಲ. ಮೂವತ್ತ ವರ್ಸ ಆತು, ಆಕಿ ನಾ ಹೇಳಿದ್ದಕ್ಕ ಹೌದ ಅಂದಾಕಿ. ಸುಳ್ಳ ಹೇಳಾಕ ನನಗ ಜರೂರನ ಬಿದ್ದಿಲ್ಲ. ಈಗ ಖರೆ ಹೇಳಿದ್ದ ಸುಳ್ಳಾತು. ನೀ ನನಗ್ಯಾಕ ಹೇಳ್ತಿ? ನನಗ ಗೊತ್ತೈತಿ. ಆಕಿಗೆ ಹೇಳು."

ಅವನು ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು.

30 ಡಿಸೆಂಬರ್

ದಿಗ್ಗೇವಾಡಿಗೆ ಹೋಗಬೇಕು. ಹೋಗಲಿಲ್ಲ. ರಜೆ ಇಲ್ಲ ಎಂಬ ನೆಪ ಒಂದು, ಬಸ್ಸಿನ ನೆಪ ಒಂದು. ಹೆದರಿಕೆ ಎಂಬುದೇ ಅದರ ಹೆಸರು.

ಸಂಜೆ ಕೆಂಚವ್ವ ಬಂದು ಕೂತು ತಂಗಿಯ ಕಥೆ ತೆಗೆದಳು. ಸೊಲ್ಲಾಪುರಕ್ಕೆ ಕೊಟ್ಟ ತಂಗಿಯಂತೆ, ಹೆಸರು ಸತ್ತೆವ್ವ. ಒಂದು ಮಾತಿಗೆ ಮುನಿದು ಅಕ್ಕತಂಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದಾರೆ. ಆ ಮಾತನ್ನು ಆಡಿದವಳು ತಂಗಿ ಎಂದೇ ನಾನು ತಿಳಿದಿದ್ದೆ. ಕೊನೆಗೆ ನೋಡಿದರೆ ಕೆಂಚವ್ವನೇ ಆಡಿದ್ದು. "ಇದನ್ನ ಯಾರಿಗೂ ಹೇಳಿಲ್ಲವಾ" ಎಂದು ಕಣ್ಣೊರೆಸಿಕೊಂಡಳು. ನನ್ನ ಅನ್ನ ತಳ ಹಿಡಿದು ಸೀದು ಹೋಯಿತು. ಇವತ್ತು ಕೆಲಸ ಕಡಿಮೆ ಇತ್ತೆಂದು ಕಾಣುತ್ತದೆ, ಕೂತು ಕೇಳಿದೆ.

2 ಜನವರಿ 1994, ರವಿವಾರ

ಹೋಗಿ ಬಂದೆ.

ರಾಯಬಾಗದಲ್ಲಿ ಬಸ್ಸು ಬದಲಿಸಿ ದಿಗ್ಗೇವಾಡಿ ಮುಟ್ಟಿದಾಗ ಬಿಸಿಲೇರಿತ್ತು. ಲಗಮವ್ವನ ಅಣ್ಣನ ಮನೆ ಕೇಳಿಕೊಂಡು ಹೋದೆ. ಅವಳು ಪಡಸಾಲೆಯಲ್ಲಿ ಸಂಕ್ರಾಂತಿಗೆಂದು ಎಳ್ಳು ಕೇರುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. ಅಣ್ಣನ ಹೆಂಡತಿ ಲಕ್ಕವ್ವ ನೀರು ತಂದುಕೊಟ್ಟಳು.

ಹೇಳಿದೆ. ಹೇರು, ಟ್ರೇಲರ್, ಕಾಯುವುದು, ನಿಲ್ಲುವುದು, ಎಲ್ಲ ಹೇಳಿದೆ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತು ಬಾಯಿಗೆ ಬಂದಾಗ ಚೂರುಚೂರಾಗಿತ್ತು. ಕೊನೆಗೆ, "ಕಾಕಾ ಹೇಳಿದ್ದು ಖರೆ ಐತಿ ಮಾವಶಿ. ಕಂಪ್ಯೂಟರ್ ಹಿಡಕೊಂಡ ಕುಂದ್ರಸಿತ್ತು. ತಪ್ಪ ನಂದು" ಎಂದೆ.

ಎಳ್ಳಿನ ಹೊಟ್ಟನ್ನು ಊದಿ, ಮೊರವನ್ನು ಕೆಳಗಿಟ್ಟು, ಆಮೇಲೆ ಮಾತಾಡಿದಳು. ಆಡಿದ್ದು ಆಡಿದಂತೆ ಬರೆದಿಡುತ್ತೇನೆ.

"ಬರೂದ ತಡಾ ಆದ್ರೂ ಬಂದಿ, ಛಲೋ ಆತು. ನಾ ಅವತ್ತ ನಿನ್ನ ಹಂತೇಕ ಯಾಕ ಬಂದಿದ್ನಿ ಗೊತ್ತೈತೇನ? ನಮ್ಮ ಓಣ್ಯಾಗ ಎಲ್ಲಾರೂ ನಗ್ತಿದ್ರು. ಕಂಪ್ಯೂಟರ್ ಅಂತ, ಸಾಕ್ಷಿ ಅಂತ, ನಿನ್ನ ಗಂಡ ಛಲೋ ಕಥಿ ಕಟ್ಯಾನ ಅಂತ. ನಾ ಅಂದ್ನಿ, ಇರ್ರಿ, ಅದನ್ನ ಮಾಡಿದಾಕೀನ ಕೇಳ್ಕೊಂಡ ಬರ್ತೀನಿ, ಆಮ್ಯಾಲ ನಗೂರಂತೆ ಅಂದ್ನಿ. ನಿನ್ನ ನಂಬಿ ಬಂದ್ನಿ. ನೀ ಅವರಕಿಂತ ಜಾಸ್ತಿ ನಕ್ಕಿ. ನಾಕ ಮಂದಿ ಮುಂದ ನಕ್ಕಿ. ಈಗ ನಮ್ಮಣ್ಣನ ಪಡಸಾಲ್ಯಾಗ ಕುಂತ, ಯಾರಿಗೂ ಕೇಳದಂಗ, ಖರೆ ಐತಿ ಅಂತಿ. ಇದನ್ನ ನಾ ಕಟಕೊಂಡ ಹೋಗಿ ಯಾರಿಗೆ ತೋರಸ್ಲಿ? ಗಂಡ ರೊಕ್ಕಾ ಕೊಟ್ಟ ಕಳಿಸ್ಯಾನ ಅಂತಾರ. ಎಲ್ಲಿ ನಕ್ಕಿದ್ದೆ ಅಲ್ಲಿ ಹೇಳವ್ವಾ. ಅದ ಮಂದಿ ಮುಂದ. ಮತ್ತ ನನಗ ತೋರ್ಸು, ಹೆಂಗ ಹಿಡಕೊಂಡ ಕುಂದ್ರಸತೈತಿ ಅಂತ. ನಾ ಕಣ್ಣಲೆ ನೋಡ್ಬೇಕು."

ನಾನು ಹೂಂ ಎಂದೆ. ಹೊರಡುವಾಗ ಲಕ್ಕವ್ವ ಉಣ್ಣದೆ ಬಿಡಲಿಲ್ಲ. ಲಗಮವ್ವನೇ ಬಡಿಸಿದಳು.

6 ಜನವರಿ

ಆಫೀಸಿನ ಎಲ್ಲರ ಮುಂದೆ ಹೇಳಿ ತೋರಿಸಲೇ ಎಂದು ವಿರುಪಾಕ್ಷಪ್ಪನವರನ್ನು ಕೇಳಿದೆ, ಆಗದು ಎಂದರು. "ಬುದ್ಧಿ ಎಲ್ಲಿ ಇಟ್ಟ ಬಂದೀರಿ? ನೌಕರಿ ಬೇಕೋ ಬ್ಯಾಡೋ?"

ಬೇಕು. ಅದೇ ತೊಂದರೆ.

13 ಜನವರಿ, ಭೋಗಿ

ಮೊದಲು ಕೆಟ್ಟ ಸುದ್ದಿ ಬರೆದುಬಿಡುತ್ತೇನೆ. ವಿರುಪಾಕ್ಷಪ್ಪನವರು ಲಿಖಿತ ಸಮಜಾಯಿಷಿ ಕೇಳಿದ್ದಾರೆ. ನಾಳೆ ಹಬ್ಬ, ನಾಡಿದ್ದು ಕೊಡಬೇಕು. ಖಾಯಂ ಆಗುತ್ತೇನೋ ಇಲ್ಲವೋ ದೇವರಿಗೇ ಗೊತ್ತು. ಅಪ್ಪನಿಗೆ ನವೆಂಬರಿನಲ್ಲಿ ಬರೆದ ಕಾಗದವನ್ನು ಹಿಂದಕ್ಕೆ ತರಿಸಿಕೊಳ್ಳುವಂತಿದ್ದರೆ!

ಇನ್ನು ಆದದ್ದು. ನಾನೇ ಹೇಳಿಕಳಿಸಿದ್ದೆ. ಲಗಮವ್ವ ಸಂಜೆಗೆ ಸರಿಯಾಗಿ ಬಂದಳು, ತವರಿನ ಬಾಗಿನದ ಗಂಟಿನೊಂದಿಗೆ. ಆಫೀಸಿನವರು ಬಸ್ಸಿಗೆ ಹೊರಟಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಎಲ್ಲಾರೂ ಒಂದ ಗಳಿಗಿ ನಿಲ್ರಿ. ಅವತ್ತ ಈ ಮಾವಶಿ ಕೇಳಾಕ ಬಂದಾಗ ನಾ ನಕ್ಕೆ, ನನ್ನ ನೋಡಿ ನೀವು ನಕ್ರಿ. ಮಾವಶಿ ಕೇಳಿದ್ದು ಖರೆ ಇತ್ತು. ಮಲಕಾರಿ ಕಾಕಾ ಒಂದ ಸುಳ್ಳೂ ಹೇಳಿಲ್ಲ. ತಪ್ಪ ನನ್ನ ಪ್ರೋಗ್ರಾಮಿಂದು. ನಂಬಿಕಿ ಇಲ್ಲಂದ್ರ ಬರ್ರಿ, ತೋರಸ್ತೀನಿ."

ಯಾರೂ ನಗಲಿಲ್ಲ. ಹಿಂದೆ ಬಂದರು. ವಿರುಪಾಕ್ಷಪ್ಪನವರೂ ಬಂದರು, ಮುಖ ಕೆಂಪಗೆ ಮಾಡಿಕೊಂಡು.

ಸಣ್ಣ ಕಾಟಾದಲ್ಲಿ ಮಲಕಾರಿ ಕಾಕಾನದೇ ಕೊನೆಯ ಗಾಡಿ. ಹೆಂಡತಿಯನ್ನು ಕಂಡು ತಲೆಯ ಪಟಗಾ ಸರಿಪಡಿಸಿಕೊಂಡ. ನಾನು ಒಳಗೆ ಹೋಗಿ ಹೊಸ ಪ್ರೋಗ್ರಾಂ ನಿಲ್ಲಿಸಿ ಹಳೆಯದನ್ನು ಹಚ್ಚಿದೆ. ಗಾಡಿ ಹತ್ತಿತು. ಅಣ್ಣಾಸಾಬ ನಂಬರು ಹೊಡೆದ, ತೂಕ ಹೊಡೆದ. ಗಾಡಿ ಇಳಿಯಿತು.

ಪ್ರಿಂಟರು ಸುಮ್ಮನಿತ್ತು. ಎತ್ತು ಬಾಲ ಬೀಸುವ ಸಪ್ಪಳ ಕೇಳುತ್ತಿತ್ತು. ಲಗಮವ್ವ ಪ್ರಿಂಟರಿನ ಮುಂದೆ ನಿಂತು ಅದನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೊರಗೆ ಹೋಗಿ ಗಾಡಿಯ ಪಕ್ಕದ ನೆಲ ನೋಡಿದಳು. ಅಷ್ಟೊಂದು ರಾತ್ರಿಗಳು ಅವನ ಮೈ ಒತ್ತಿದ ಜಾಗದಲ್ಲಿ ರವದಿ ಇನ್ನೂ ಹಾಸಿದಂತೇ ಇತ್ತು.

"ಹಿಂಗ ಕುಂದ್ರತಿದ್ಯಾ?" ಎಂದು ಗಂಡನನ್ನು ಕೇಳಿದಳು. ಅವನು ಹೂಂ ಎಂದ.

"ಈಗ ಚೀಟಿ ಹೆಂಗ ಬರತೈತಿ?" ಎಂದು ನನ್ನನ್ನು ಕೇಳಿದಳು.

"ಹಿಂದ ಯಾರರ ಹತ್ತಬೇಕು" ಎಂದೆ. ಹಿಂದೆ ಗಾಡಿ ಇರಲಿಲ್ಲ. ಹೊಸ ಪ್ರೋಗ್ರಾಂ ಹಚ್ಚಿ ಗಾಡಿ ಮತ್ತೆ ತೂಗಿದ್ದರೆ ಮುಗಿಯುತ್ತಿತ್ತು. ನನಗೆ ಅದು ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ, ಚಪ್ಪಲಿ ಬಿಟ್ಟು ನಾನೇ ಕಾಟಾ ಹತ್ತಿ ನಿಂತೆ. ತಗಡು ಕಾಲಿಗೆ ತಣ್ಣಗಿತ್ತು.

"ಹೊಡೀರಿ ಅಣ್ಣಾಸಾಬ."

"ಬಾಯಾರ, ಗಾಡಿ ಇಲ್ದ..." ಎಂದು ಅವನು ಗೋಡೆ ನೋಡಿದ.

"ಹೌದು, ಗಾಡಿ ಇಲ್ಲ. ನೋಟೀಸ ನಾನ ಹಚ್ಚೀನಿ, ಅದೂ ನನ್ನ ಮ್ಯಾಲ ಬರ್ಲಿ. ಹೊಡೀರಿ."

ಹೊಡೆದ. ಕರಕರ ಎಂದು ಮಲಕಾರಿಯ ಚೀಟಿ ಬಂತು. ಲಗಮವ್ವ ಅದನ್ನು ತಾನೇ ಹರಿದುಕೊಂಡಳು. ಓದು ಬಾರದು, ಆದರೂ ಮೇಲಿನಿಂದ ಕೆಳಗೆ ನೋಡಿದಳು, ಗಂಡನ ಕೈಗಿಟ್ಟಳು. ವಿರುಪಾಕ್ಷಪ್ಪನವರು "ಆತಲ್ಲ, ತಮಾಷೆ ಮುಗೀತು, ಇಳೀರಿ" ಎಂದರು.

ನಾನು ಇಳಿಯಲು ಹೊರಟೆ. ಲಗಮವ್ವ ಕೈ ಅಡ್ಡ ಹಿಡಿದಳು.

"ನಿಂದ ಚೀಟಿ?"

"ನಂದ ಬರಂಗಿಲ್ಲ ಮಾವಶಿ. ನನ್ನ ಹಿಂದ ಯಾರದಾರ?"

"ಯಾರೂ ಇಲ್ಲಂತ ಹಂಗ ಬಿಟ್ಟ ಹೋಗೂದೇನ? ಇಳಿ ನೀ. ನಿನ್ನ ಸಾಕ್ಷಿ ನಾ ಅದೀನಿ."

ಗಂಟನ್ನು ಗಂಡನ ಕೈಗೆ ಕೊಟ್ಟು, ನಿರಿಗೆ ಎತ್ತಿ ಹಿಡಿದು, ಕಾಟಾ ಹತ್ತಿ ನಡುವೆ ನಿಂತಳು. ಅಣ್ಣಾಸಾಬ ಯಾರನ್ನೂ ಕೇಳದೆ ಹೊಡೆದ. ನನ್ನ ಚೀಟಿ ಬಂತು. ಅಷ್ಟು ಜನರ ಮುಂದೆ ನಾನು ಅತ್ತೆ, ಮೂಗು ಸೆರಗಿಗೆ ಒರೆಸಿಕೊಂಡೆ, ಅದನ್ನೂ ಎಲ್ಲರೂ ನೋಡಿದರು.

ಮಲಕಾರಿ ಕಾಕಾ ಗಂಟನ್ನು ಗಾಡಿಯ ಮೇಲಿಟ್ಟು ಕಾಟಾದ ಕಡೆ ಹೊರಟ. "ತಡಿ, ನಿಂದ ನಾ ಬಿಡಸ್ತೀನಿ."

"ನನಗ ಚೀಟಿ ಬ್ಯಾಡ" ಎಂದು ಲಗಮವ್ವ ಕೆಳಗಿಳಿದಳು. "ಲಗೂನ ಕಬ್ಬ ಇಳಸ, ಮನಿಗಿ ಹೋಗೂನು. ನಾಳಿಗಿ ಹಬ್ಬ ಐತಿ, ಒಲಿ ಹಚ್ಚದ ಎಷ್ಟ ದಿನಾತು?"

ಗಾಡಿ ಯಾರ್ಡಿನ ಕಡೆ ಹೋಯಿತು. ಅವಳು ಗಾಡಿ ಹತ್ತಲಿಲ್ಲ, ವಯಸ್ಸಾದ ಎಡಗಡೆಯ ಎತ್ತಿನ ಪಕ್ಕದಲ್ಲಿ ಅದರ ಹೆಜ್ಜೆಗೆ ತಕ್ಕಂತೆ ನಡೆದಳು. ಅಣ್ಣಾಸಾಬ ಬಾಗಿಲು ಹಾಕಬೇಕೆಂದ. ನಾನು ಒಳಗೆ ಹೋಗಿ ಹಳೆಯ ಪ್ರೋಗ್ರಾಮನ್ನು ನಿಲ್ಲಿಸಿದೆ, ಆಮೇಲೆ ಅಳಿಸಿದೆ. ಲಗಮವ್ವನ ಚೀಟಿ ಅದರೊಳಗೇ ಹೋಯಿತು.